ರೇಸ್ ಇಲ್ಲದ ತಿಂಗಳಲ್ಲಿ ಓಟಗಾರರು ಏನು ಮಾಡಬೇಕು?

[ದೃಶ್ಯ: ಕಬ್ಬನ್ ಪಾರ್ಕ್, ಭಾನುವಾರ ಬೆಳಿಗ್ಗೆ. ವಾಹನಗಳಿಲ್ಲದ ರಸ್ತೆಯಲ್ಲಿ ಗುಂಪು ಗುಂಪಾಗಿ ಓಡುತ್ತಿರುವವರು.]

ನಮಸ್ಕಾರ. ಏಪ್ರಿಲ್ ಕೊನೆಗೆ ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ 10 ಕಿಲೋಮೀಟರ್ ಓಟ. ಆಗಸ್ಟ್‌ನಲ್ಲಿ ಹೈದರಾಬಾದ್ ಮ್ಯಾರಥಾನ್. ಅದಾದ ಮೇಲೆ ಬೆಂಗಳೂರು ಮ್ಯಾರಥಾನ್. ಮಳೆ ನಿಂತ ಮೇಲೆ ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ಮಧ್ಯೆ ಮಲ್ನಾಡ್ ಅಲ್ಟ್ರಾ. ಜನವರಿಯ ಮೂರನೇ ಭಾನುವಾರ ಮುಂಬೈ. ಇವುಗಳ ನಡುವೆ ಬಡಾವಣೆಗೊಂದು 5ಕೆ, ಕಂಪನಿಗೊಂದು 10ಕೆ. ದುಡ್ಡು ಕಟ್ಟಿ ಬಿಬ್ (ಎದೆಗೆ ಹಚ್ಚುವ ನಂಬರ್ ಚೀಟಿ) ತಗೊಳ್ಳೋಕೆ ರೆಡಿ ಇದ್ದರೆ ತಿಂಗಳಿಗೆ ಎರಡು ರೇಸ್ ಓಡಬಹುದು.

ಹಿಮ ಬೀಳುವ ಊರುಗಳಲ್ಲಿ ಚಳಿಗಾಲವೇ ಓಟಗಾರರನ್ನು ತಡೆದು ನಿಲ್ಲಿಸುತ್ತದೆ. ಬೆಂಗಳೂರು, ಮೈಸೂರಿನ ಹವೆಗೆ ಆ ತೊಂದರೆ ಇಲ್ಲ. ವರ್ಷಪೂರ್ತಿ ಓಡಬಹುದು. ಅದಕ್ಕೇ ನಮ್ಮಲ್ಲಿ ಆಫ್ ಸೀಸನ್, ಅಂದರೆ ರೇಸ್ ಇಲ್ಲದ ಅವಧಿ, ಅನ್ನೋದು ತಾನಾಗಿ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳದೇ ಇರುವವರನ್ನು ನೀವೂ ನೋಡಿರುತ್ತೀರಿ. ಗೋಡೆ ತುಂಬಾ ಮೆಡಲ್, ಆದರೆ ಹಾಫ್ ಮ್ಯಾರಥಾನ್ ಸಮಯ ಮೂರು ವರ್ಷದಿಂದ ಅಲ್ಲೇ ನಿಂತಿದೆ. ಮಧ್ಯೆ ಮಧ್ಯೆ ಮಂಡಿನೋವು, ಹಿಮ್ಮಡಿ ನೋವು. ಇವರು ಸೋಮಾರಿಗಳಲ್ಲ. ಪಾಪ, ಎಲ್ಲರಿಗಿಂತ ಜಾಸ್ತಿ ಕಷ್ಟಪಡುವವರು ಇವರೇ.

[ದೃಶ್ಯ: ಪರದೆ ಮೇಲೆ 12 ತಿಂಗಳ ಕ್ಯಾಲೆಂಡರ್. ಜನವರಿಯ ಮೂರನೇ ಭಾನುವಾರಕ್ಕೆ ಕೆಂಪು ಸುತ್ತು.]

ಮೊದಲು ಸೀಸನ್ ಹೇಗಿರುತ್ತದೆ ನೋಡೋಣ. ನಿಮ್ಮ ಗುರಿ ಮುಂಬೈಯ 42 ಕಿಲೋಮೀಟರ್ ಫುಲ್ ಮ್ಯಾರಥಾನ್ ಅಂತ ಇಟ್ಟುಕೊಳ್ಳಿ. ಅಲ್ಲಿಂದ 16 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಕೊನೆ. ಅವತ್ತಿನಿಂದ ನಿಮ್ಮ ಸೀಸನ್.

ಈ ವಾರಗಳಲ್ಲಿ ಪ್ರತಿ ಓಟಕ್ಕೂ ಒಂದು ಉದ್ದೇಶ ಇರುತ್ತದೆ. ಮಂಗಳವಾರ ಇಂಟರ್ವಲ್: 800 ಮೀಟರ್ ಜೋರಾಗಿ, ನಂತರ 400 ಮೀಟರ್ ಜಾಗಿಂಗ್, ಹೀಗೆ ಐದಾರು ಸಲ. ಗುರುವಾರ ಟೆಂಪೋ: ಮಾತು ಎರಡು ಮೂರು ಪದಕ್ಕೇ ನಿಲ್ಲುವಷ್ಟು ವೇಗದಲ್ಲಿ 20ರಿಂದ 40 ನಿಮಿಷ. ಭಾನುವಾರ ಲಾಂಗ್ ರನ್. ಅದು ವಾರದಿಂದ ವಾರಕ್ಕೆ ಬೆಳೆಯುತ್ತಾ 30–32 ಕಿಲೋಮೀಟರ್ ಮುಟ್ಟುತ್ತದೆ. ಮೂರ್ನಾಲ್ಕು ವಾರಕ್ಕೊಮ್ಮೆ ದೂರ ಕಡಿಮೆ ಮಾಡಿ ಕಾಲಿಗೆ ಬಿಡುವು ಕೊಡಬೇಕು. ಉಳಿದ ದಿನ ಆರಾಮಾಗಿ ಓಡುವ ಈಸಿ ರನ್, ಇಲ್ಲವೇ ಪೂರ್ತಿ ರೆಸ್ಟ್.

ಸೀಸನ್‌ನಲ್ಲಿ ರೇಸ್ ನಡೆಯುವ ಜಾಗಕ್ಕೂ ತಯಾರಾಗಬೇಕು. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ 15–16 ಡಿಗ್ರಿ. ಸ್ವೆಟರ್ ಹಾಕಿಕೊಂಡು ಮನೆ ಬಿಡುತ್ತೇವೆ. ಮುಂಬೈ ಹಾಗಲ್ಲ. ಸಮುದ್ರದ ಪಕ್ಕದ ತೇವ, ಸೂರ್ಯ ಬಂದ ಮೇಲೆ ಸೆಕೆ. ಅಷ್ಟು ಸಾಲದು ಅಂತ ಕಾಲು ಸೋತ ಹೊತ್ತಿಗೆ ಪೆಡ್ಡರ್ ರೋಡ್ ಏರು. ಅದಕ್ಕೇ ಕೆಲವು ಲಾಂಗ್ ರನ್‌ಗಳನ್ನು ಬೇಕಂತಲೇ ತಡವಾಗಿ ಶುರು ಮಾಡಿ, ಬಿಸಿಲೇರಿದ ಮೇಲೆ ಮುಗಿಸಿ. ಕೊನೆಯ ಭಾಗದಲ್ಲಿ ಒಂದು ಏರು ಸಿಗುವ ಹಾಗೆ ದಾರಿ ಹಾಕಿಕೊಳ್ಳಿ.

ಊಟದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮಾಂಸಖಂಡಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನು, ತುಂಬಾ ಜನರಿಗೆ 30 ಕಿಲೋಮೀಟರ್ ಆಸುಪಾಸಿನಲ್ಲಿ ಖಾಲಿಯಾಗುತ್ತಾ ಬರುತ್ತದೆ. ಓಡುವಾಗ ಏನು ತಿನ್ನಬೇಕು, ಬಾಳೆಹಣ್ಣೋ ಚಿಕ್ಕಿಯೋ ಜೆಲ್ಲೋ, ಅದನ್ನು ಈ ಲಾಂಗ್ ರನ್‌ಗಳಲ್ಲೇ ತಿಂದು ನೋಡಿ. ರೇಸ್ ದಿನ ಹೊಸದು ಬೇಡ.

ಕೊನೆಯ ಎರಡು ಮೂರು ವಾರ ಟೇಪರ್. ಓಡುವ ದೂರವನ್ನು ಹಂತ ಹಂತವಾಗಿ ಅರ್ಧದ ಹತ್ತಿರಕ್ಕೆ ಇಳಿಸುತ್ತೇವೆ. ವೇಗದ ಓಟ ಸ್ವಲ್ಪ ಉಳಿಸಿಕೊಳ್ಳುತ್ತೇವೆ.

[ದೃಶ್ಯ: ರೇಸ್ ಮುಗಿದಿದೆ. ಮೆಟ್ಟಿಲನ್ನು ಹಿಮ್ಮುಖವಾಗಿ, ಪಕ್ಕದ ಕಂಬಿ ಹಿಡಿದು ಇಳಿಯುತ್ತಿರುವ ಓಟಗಾರ್ತಿ.]

ರೇಸ್ ಆಯಿತು. ಈಗ ಏನು?

ಎರಡು ವಾರ ಬಿಟ್ಟುಬಿಡಿ. ನಡೆಯಿರಿ, ನಿದ್ದೆ ಮಾಡಿ, ಮನೆಯವರ ಜೊತೆ ಭಾನುವಾರ ಬೆಳಿಗ್ಗೆ ತಿಂಡಿ ತಿನ್ನಿ. ಅವರು ನಾಲ್ಕು ತಿಂಗಳಿಂದ ನಿಮ್ಮ ಅಲಾರಾಂ ಸಹಿಸಿಕೊಂಡಿದ್ದಾರೆ. ಫಿಟ್‌ನೆಸ್ ಸ್ವಲ್ಪ ಇಳಿಯುತ್ತದೆ, ನಿಜ. ರಕ್ತದ ದ್ರವಾಂಶ ಕಡಿಮೆಯಾಗುತ್ತದೆ, ಮೊದಲ ಓಟದಲ್ಲಿ ಉಸಿರು ಭಾರ ಅನ್ನಿಸುತ್ತದೆ. ಅದು ಬೇಗ ವಾಪಸ್ ಬರುತ್ತದೆ, ಹೆದರಬೇಡಿ.

ಆಮೇಲೆ ಶುರುವಾಗುವುದೇ ನಿಜವಾದ ಆಫ್ ಸೀಸನ್. ನನ್ನ ಪ್ರಕಾರ ಮುಂದಿನ ರೇಸ್‌ನ ಸಮಯ ಇಲ್ಲೇ ತೀರ್ಮಾನ ಆಗುತ್ತದೆ. ಯಾಕೆ ಅಂತ ಹೇಳುತ್ತೇನೆ. ಗಟ್ಟಿಯಾಗಿ ಓಡಲು ಶುರು ಮಾಡಿದರೆ ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಟೆಂಡನ್‌ಗಳಿಗೆ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರುಗಳು) ಮತ್ತು ಮೂಳೆಗೆ ತಿಂಗಳುಗಳೇ ಬೇಕು. ಉಸಿರು ಸಾಥ್ ಕೊಡುತ್ತಿದೆ ಅಂತ ನಾವು ವೇಗ ಹೆಚ್ಚಿಸುತ್ತಾ ಹೋಗುತ್ತೇವೆ. ಕಾಲು ಇನ್ನೂ ಅಲ್ಲಿಗೆ ಬಂದಿರುವುದಿಲ್ಲ. ಗಾಯಗಳು ಹುಟ್ಟುವುದು ಈ ಅಂತರದಲ್ಲೇ. ಸೀಸನ್ ಮಧ್ಯೆ ಇದನ್ನು ಸರಿಮಾಡಲು ಪುರುಸೊತ್ತು ಇರುವುದಿಲ್ಲ.

[ದೃಶ್ಯ: ಹಳೆಯ ಸಿಂಡರ್ ಟ್ರ್ಯಾಕ್‌ನ ರೇಖಾಚಿತ್ರ. ಬರಹ: ರೋಮ್, 1960.]

ಈ ಮಾತಿಗೆ ಒಂದು ಹಳೆಯ ಸಾಕ್ಷಿ ಇದೆ. ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್ ಶೂ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ತನ್ನ ಸುತ್ತಲಿನ ಹುಡುಗರಿಗೆ ಓಟ ಕಲಿಸುತ್ತಿದ್ದರು. ಮೊದಲು ತಿಂಗಳುಗಟ್ಟಲೆ ದೂರದ ಓಟ, ಆಮೇಲೆ ಗುಡ್ಡ, ಟ್ರ್ಯಾಕ್ ಮೇಲಿನ ವೇಗ ಕೊನೆಗೆ. 800 ಮೀಟರ್ ಓಡುವ ಪೀಟರ್ ಸ್ನೆಲ್ ಕೂಡ ಮ್ಯಾರಥಾನ್ ಓಟಗಾರರ ಜೊತೆ 35 ಕಿಲೋಮೀಟರ್ ಗುಡ್ಡದ ದಾರಿ ಓಡಲೇಬೇಕಿತ್ತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದರು. ಅದೇ ದಿನ ಲಿಡಿಯಾರ್ಡ್ ಅವರ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರ್ ಚಿನ್ನ ಗೆದ್ದರು. ಆಫೀಸು, ಮಕ್ಕಳು, ಟ್ರಾಫಿಕ್ ಎಲ್ಲ ಇರುವ ನಮಗೆ ಅಷ್ಟು ದೂರ ಬೇಕಿಲ್ಲ. ಆದರೆ ಕ್ರಮ ಅದೇ: ಬುನಾದಿ ಮೊದಲು, ವೇಗ ಆಮೇಲೆ.

[ದೃಶ್ಯ: ಮೈಸೂರು, ಕುಕ್ಕರಹಳ್ಳಿ ಕೆರೆ ಏರಿ. ಇಬ್ಬರು ಗೆಳತಿಯರು ಮಾತಾಡುತ್ತಾ ಓಡುತ್ತಿದ್ದಾರೆ.]

ಇವರನ್ನು ನೋಡಿ. ಒಬ್ಬರು ನಿನ್ನೆಯ ಸಂಸಾರದ ಸುದ್ದಿ ಪೂರ್ತಿ ವಾಕ್ಯಗಳಲ್ಲಿ ಹೇಳುತ್ತಿದ್ದಾರೆ, ಎಲ್ಲೂ ಏದುಸಿರಿಲ್ಲ. ಈಸಿ ಪೇಸ್, ಆರಾಮದ ವೇಗ, ಅಂದರೆ ಇದೇ. ಒಬ್ಬರೇ ಓಡುವವರು ಒಂದು ಹಾಡು ಗುನುಗಿ ನೋಡಿ. ಎರಡು ಸಾಲಿಗೇ ಉಸಿರು ಕಟ್ಟಿದರೆ ನೀವು ಜೋರಾಗಿ ಓಡುತ್ತಿದ್ದೀರಿ. ಈ ನಿಧಾನದ ಓಟದಲ್ಲಿ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಕಾಲಿನ ಮಾಂಸಖಂಡಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ದೇಹ ಕೊಬ್ಬನ್ನು ಇಂಧನವಾಗಿ ಚೆನ್ನಾಗಿ ಬಳಸುತ್ತದೆ. ವಾರಕ್ಕೆ ನಾಲ್ಕು ದಿನ, 30ರಿಂದ 50 ನಿಮಿಷ ಸಾಕು. ಪೇಸ್ ನೋಡಿ ಬೇಜಾರಾಗುವುದಾದರೆ ವಾಚ್ ಮನೆಯಲ್ಲೇ ಬಿಟ್ಟು ಹೋಗಿ. ಒಂದೆರಡು ದಿನ ಓಟದ ಕೊನೆಗೆ 20 ಸೆಕೆಂಡಿನ ನಾಲ್ಕು ಚುರುಕು ಓಟ ಸೇರಿಸಿ, ಕಾಲು ವೇಗ ಮರೆಯದಿರಲಿ ಅಂತ.

[ದೃಶ್ಯ: ಮನೆಯ ಮೆಟ್ಟಿಲು. ಕ್ಯಾಮೆರಾ ಹಿಮ್ಮಡಿಯ ಹತ್ತಿರ.]

ಇನ್ನೊಂದು ಮುಖ್ಯ ಕೆಲಸ ಬಲ ತುಂಬುವುದು. ಜಿಮ್ ಇದ್ದರೆ ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡಿ. ಇಲ್ಲದವರಿಗೆ ಮೆಟ್ಟಿಲು ಇದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಇಡಿ, ಹಿಮ್ಮಡಿ ಗಾಳಿಯಲ್ಲಿ. ಬೀಳದಂತೆ ಗೋಡೆ ಮುಟ್ಟಿಕೊಳ್ಳಿ. ಒಂದೇ ಕಾಲಲ್ಲಿ, ಎರಡು ಎಣಿಸುತ್ತಾ ಮೇಲೇಳಿ. ಮೂರು ಎಣಿಸುತ್ತಾ ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗುವವರೆಗೆ ಇಳಿಯಿರಿ. ಇಳಿಯುವಾಗ ದಡಕ್ಕನೆ ಬಿಡಬೇಡಿ, ಲಾಭವೆಲ್ಲ ಅಲ್ಲೇ ಇರುವುದು. ಹತ್ತು ಹನ್ನೆರಡು ಸಲ, ಮೂರು ಸುತ್ತು. ಮಂಡಿ ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಒಮ್ಮೆ. ಬಗ್ಗಿಸಿದಾಗ ಮೀನಖಂಡದ ಒಳಗಿನ ಸೋಲಿಯಸ್ ಹೆಚ್ಚು ಕೆಲಸ ಮಾಡುತ್ತದೆ. ಓಡುವಾಗ ಈ ಮಾಂಸಖಂಡದ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಆರಂಭದಲ್ಲಿ ಕಷ್ಟ ಅನ್ನಿಸಿದರೆ ಎರಡೂ ಕಾಲಲ್ಲಿ ಮಾಡಿ. ವಾರಕ್ಕೆ ಎರಡು ದಿನ ಸಾಕು. ನೋವು ಈಗಾಗಲೇ ಇರುವವರು ಮೊದಲು ಫಿಸಿಯೋ ಹತ್ತಿರ ತೋರಿಸಿ.

ಮಳೆಗಾಲದಲ್ಲಿ ಓಡಲಾಗದ ದಿನ ಶಟಲ್ ಆಡಿ, ಈಜಿ, ಸೈಕಲ್ ತುಳಿಯಿರಿ.

[ದೃಶ್ಯ: ಮತ್ತೆ ಅದೇ ಕ್ಯಾಲೆಂಡರ್.]

ಹಾಗಾದರೆ ಏಪ್ರಿಲ್‌ನ 10ಕೆ ಬಿಡಬೇಕಾ? ಖಂಡಿತ ಬೇಡ. ಊರ ಹಬ್ಬ ಅದು. ಗೆಳೆಯರ ಜೊತೆ ಆರಾಮಾಗಿ ಓಡಿ, ದಾಖಲೆಯ ಯೋಚನೆ ಬಿಡಿ. ಇಡೀ ವರ್ಷದಲ್ಲಿ ಪೂರ್ತಿ ಶಕ್ತಿ ಹಾಕಿ ಓಡುವ ರೇಸ್ ಒಂದೋ ಎರಡೋ ಇರಲಿ. ಮುಂಬೈ ಗುರಿಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಬುನಾದಿಯ ತಿಂಗಳು. ಆಗಸ್ಟ್‌ನ ಹೈದರಾಬಾದ್ ಗುರಿಯಾದರೆ ಆ ಕೆಲಸ ಜನವರಿಯಲ್ಲೇ ಶುರುವಾಗಬೇಕು.

ನಿಮ್ಮ ಗುರಿಯ ರೇಸ್ ಯಾವುದು, ಎಷ್ಟು ದೂರದ್ದು, ಈಗ ವಾರಕ್ಕೆ ಎಷ್ಟು ದಿನ ಓಡುತ್ತಿದ್ದೀರಿ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಯಾವ ವಾರದಿಂದ ಇಂಟರ್ವಲ್ ಶುರು ಮಾಡಬೇಕು ಅಂತ ಲೆಕ್ಕ ಹಾಕಿ ಉತ್ತರ ಕೊಡುತ್ತೇನೆ.