ತೊಟ್ಟಿಗೆ ತಕ್ಕ ಆಲಿಕೆ

(ಸ್ತನ್ಯಪಾನ ಸಪ್ತಾಹದ ಅಂಗವಾಗಿ ಬದಿಯಡ್ಕದಲ್ಲಿ ತಾಯಂದಿರ ಮುಂದೆ ಆಡಿದ ಮಾತುಗಳು)

ಎಲ್ಲರಿಗೂ ನಮಸ್ಕಾರ. ಆಟಿಯ ಈ ಜಡಿಮಳೆಯಲ್ಲಿ ಹಸುಗೂಸುಗಳನ್ನು ಎತ್ತಿಕೊಂಡು ಬಂದಿದ್ದೀರಿ. ಪೆರ್ಲ, ನೀರ್ಚಾಲು, ಮುಳ್ಳೇರಿಯದಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ. ಆಶಾ ಕಾರ್ಯಕರ್ತೆಯರಿದ್ದಾರೆ, ಅಂಗನವಾಡಿ ಟೀಚರ್‌ಗಳಿದ್ದಾರೆ. ಸೊಸೆಯ ಜೊತೆ ಅತ್ತೆಯಂದಿರೂ ಬಂದಿದ್ದಾರೆ. ಅದು ನನಗೆ ಎಲ್ಲಕ್ಕಿಂತ ಖುಷಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆಗಸ್ಟ್ 1ರಿಂದ 7ರವರೆಗೆ ಪ್ರತಿ ವರ್ಷ ಈ ಸಪ್ತಾಹ ಬರುತ್ತದೆ. ಮೊದಲ 6 ತಿಂಗಳು ಬರೀ ಎದೆಹಾಲು, ನೀರೂ ಬೇಡ ಅನ್ನೋದು ನಿಮಗೆಲ್ಲ ಬಾಯಿಪಾಠ. ಹಾಗಾಗಿ ಇವತ್ತು ಬೇರೆ ವಿಷಯ ತಂದಿದ್ದೇನೆ. ಇದು ನೋಡಿ. ಹಾಲು ಹಿಂಡುವ ಪಂಪಿನ ಬಾಯಿ. ಎಣ್ಣೆ ಸುರಿಯುವ ಆಲಿಕೆಯ ಹಾಗೇ ಇದೆ ಅಲ್ವಾ? ಪೆಟ್ಟಿಗೆಯ ಮೇಲೆ ಫ್ಲೇಂಜ್ ಅಂತ ಬರೆದಿರುತ್ತದೆ. ನಾವು ಆಲಿಕೆ ಅಂತಲೇ ಕರೆಯೋಣ.

ಕಳೆದ ವರ್ಷ ಕುಂಬಳೆ ಕಡೆಯ ಒಂದು ಮನೆಗೆ ಹೋಗಿದ್ದೆ. ಚೊಚ್ಚಲ ಬಾಣಂತಿ. ಮಗು 33 ವಾರಕ್ಕೇ ಹುಟ್ಟಿ ಮಂಗಳೂರಿನಲ್ಲಿ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿತ್ತು. ಗಂಡ ದಿನಾ ಐಸ್ ಹಾಕಿದ ಡಬ್ಬದಲ್ಲಿ ಹಾಲಿಟ್ಟುಕೊಂಡು ತಲಪಾಡಿ ಗಡಿ ದಾಟಿ ಹೋಗುತ್ತಿದ್ದ. ನಾನು ಹೋದಾಗ ಅವಳು ಪಂಪ್ ಹಾಕಿಕೊಂಡು ಕೂತಿದ್ದಳು. ಹಲ್ಲು ಕಚ್ಚಿ ಹಿಡಿದಿದ್ದಳು. ಅರ್ಧ ಗಂಟೆಯಾದರೂ ಬಾಟಲಿಯಲ್ಲಿ 20 ಮಿ.ಲೀ. "ಇವಳಿಗೆ ಹಾಲೇ ಇಲ್ಲ ಸಿಸ್ಟರ್, ಪುಡಿ ತರಿಸುವುದಾ?" ಅಂತ ಅತ್ತೆ ಕೇಳಿದರು. "ನೋವಾಗ್ತದಾ?" ಅಂತ ನಾನು ಅವಳನ್ನು ಕೇಳಿದೆ. "ನೋವು ಎಲ್ಲರಿಗೂ ಇರ್ತದಲ್ವಾ ಅಕ್ಕಾ" ಅಂದಳು.

ಪಂಪ್ ತೆಗೆಸಿ ನೋಡಿದೆ. ತೊಟ್ಟು ಊದಿ ಕೆಂಪಗಾಗಿತ್ತು. ಸುತ್ತಲಿನ ಕಪ್ಪು ಭಾಗವೂ ಕೊಳವೆಯೊಳಗೆ ಎಳೆದುಕೊಂಡು ಹೋಗಿತ್ತು. ಅಲ್ಲಿ ಬಿಗಿಬಳೆ ತೆಗೆದ ಮೇಲೆ ಕೈಯಲ್ಲಿ ಉಳಿಯುವಂಥ ದುಂಡು ಗುರುತು. ಆಲಿಕೆಯ ಮೇಲೆ 28 ಅಂತ ಅಚ್ಚು ಹಾಕಿತ್ತು. ಮರುದಿನ ಬೆಳಿಗ್ಗೆ, ಊತ ಇಳಿದ ಮೇಲೆ, ಪಂಪ್ ಹಾಕುವ ಮೊದಲೇ ತೊಟ್ಟು ಅಳೆದೆ. 15 ಮಿ.ಮೀ. ಅಷ್ಟೇ.

ಸರಿಯಾದ ಅಳತೆಯದ್ದು ತರಿಸಲು ಎರಡು ದಿನ ಹಿಡಿಯಿತು. ಅಲ್ಲಿಯವರೆಗೆ ಕೈಯಲ್ಲೇ ಹಿಂಡಿಸಿದೆ. ಆಮೇಲೆ 17 ಮಿ.ಮೀ. ಸಿಲಿಕೋನ್ ಒಳತುಂಡನ್ನು ಅದೇ ಆಲಿಕೆಗೆ ಕೂರಿಸಿ ಪಂಪ್ ಶುರು ಮಾಡಿದೆವು. ಅವಳು ಕಣ್ಣು ಮುಚ್ಚಿ ನೋವಿಗಾಗಿ ಕಾಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಪಂಪ್ ಓಡ್ತಾ ಉಂಟಾ ಅಕ್ಕಾ?" ಅಂತ ಕೇಳಿದಳು. ಅಷ್ಟರಲ್ಲಿ ಬಾಟಲಿಯ ತಳ ಬೆಳ್ಳಗಾಗಿತ್ತು.

ಹಾಲು ಆ ದಿನವೇ ಉಕ್ಕಿ ಹರಿಯಲಿಲ್ಲ. ಸುಳ್ಳು ಹೇಳಬಾರದು. ನೋವು ಮಾತ್ರ ಆ ದಿನವೇ ಹೋಯಿತು. ಹಾಲು ನಾಲ್ಕೈದು ದಿನದಲ್ಲಿ ಮೆಲ್ಲಮೆಲ್ಲಗೆ ಜಾಸ್ತಿಯಾಯಿತು.

ಇದರ ಕಾರಣ ಹಸು ಸಾಕಿದವರಿಗೆ ಬೇಗ ಗೊತ್ತಾಗುತ್ತದೆ. ಗುರುತಿಲ್ಲದವರು ಬಂದು ಒರಟಾಗಿ ಕೆಚ್ಚಲಿಗೆ ಕೈ ಹಾಕಿದರೆ ನಮ್ಮ ಕಾಸರಗೋಡು ಗಿಡ್ಡ ಹಸು ಸೊರೆ ಬಿಡುತ್ತದಾ? ಬಿಡುವುದಿಲ್ಲ. ಹಾಲು ಇರುತ್ತದೆ, ಇಳಿಯುವುದಿಲ್ಲ. ನಮ್ಮ ಮೈಯೂ ಹಾಗೇ. ಹಾಲು ಇಳಿಸುವ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ನೋವು, ಭಯ, ಗಾಬರಿ ಇದ್ದಾಗ ಸರಿಯಾಗಿ ಬರುವುದಿಲ್ಲ. ಪಂಪ್ ಎಷ್ಟು ಜೋರಾಗಿ ಎಳೆದರೂ ಇಳಿಯದ ಹಾಲನ್ನು ತೆಗೆಯಲು ಆಗುವುದಿಲ್ಲ. ತೆಗೆಯದೆ ಉಳಿದರೆ ಮೊಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮತ್ತೆ ಮತ್ತೆ ಹಾಗೇ ಆದರೆ ಹಾಲು ಉತ್ಪತ್ತಿಯಾಗುವುದೇ ಕಡಿಮೆಯಾಗುತ್ತದೆ.

ಈಗ ಅಳತೆ. ಆಲಿಕೆಯ ಮೇಲಿನ ಸಂಖ್ಯೆ ಅಗಲವಾದ ಬಾಯಿಯದ್ದಲ್ಲ, ತೊಟ್ಟು ಹೋಗಿ ಕೂರುವ ಕೊಳವೆಯ ಅಗಲ. ಪೆಟ್ಟಿಗೆಯಲ್ಲಿ ಹೆಚ್ಚಾಗಿ 24 ಅಥವಾ 28 ಮಿ.ಮೀ. ಬರುತ್ತದೆ. ಪರ್ಸಿನಿಂದ ಒಂದು ಹತ್ತು ರೂಪಾಯಿ ನಾಣ್ಯ ತೆಗೆಯಿರಿ. ಅದು 27 ಮಿ.ಮೀ. ನಿಮ್ಮ ತೊಟ್ಟು ಅಷ್ಟು ದಪ್ಪ ಇದೆಯಾ? ತುಂಬಾ ಜನರಿಗೆ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದೇ ನಮ್ಮ ಅಳತೆ ಅಂತ ತಿಳಿದುಕೊಳ್ಳುವುದರಿಂದಲೇ ಅರ್ಧ ಕಷ್ಟ. ಒಳಗಿನ ಚೀಟಿಯಲ್ಲಿ ಅಳತೆಯ ವಿಷಯ ಬರೆದಿರುತ್ತಾರೆ, ಆದರೆ ಕನ್ನಡದಲ್ಲಿ ನಾನಂತೂ ಇದುವರೆಗೆ ಕಂಡಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ತೊಟ್ಟನ್ನು ಮಾತ್ರ ಅಳೆಯಬೇಕು, ಸುತ್ತಲಿನ ಕಪ್ಪು ಭಾಗವನ್ನು ಸೇರಿಸಬಾರದು. ಮಿಲಿಮೀಟರ್ ಗೆರೆ ಇರುವ ಮಕ್ಕಳ ಸ್ಕೇಲ್ ಸಾಕು. ಸ್ಕೇಲ್ ಹಿಡಿಯಲು ಆಗದಿದ್ದರೆ ದಾರ. ನಿಮ್ಮಲ್ಲಿ ಬೀಡಿ ಕಟ್ಟುವವರಿದ್ದೀರಿ, ಆ ದಾರವೇ ಆಗುತ್ತದೆ. ತೊಟ್ಟಿನ ಬುಡಕ್ಕೆ ಒಂದು ಸುತ್ತು, ಬಿಗಿಯಬಾರದು, ಸುಮ್ನೆ ತಾಗಿದರೆ ಸಾಕು. ದಾರದ ಉದ್ದವನ್ನು 3.14ರಿಂದ ಭಾಗಿಸಿ. 50 ಮಿ.ಮೀ. ಬಂದರೆ ತೊಟ್ಟು 16. 63 ಬಂದರೆ 20. ಮೊದಲೆಲ್ಲ ಇದಕ್ಕೆ ನಾಲ್ಕೈದು ಮಿ.ಮೀ. ಸೇರಿಸಿ ಅನ್ನುತ್ತಿದ್ದರು. ಈಗ ಈ ಕೆಲಸದಲ್ಲಿರುವ ಹಲವರು ಸೊನ್ನೆಯಿಂದ ಮೂರು ಮಿ.ಮೀ. ಸಾಕು ಅನ್ನುತ್ತಾರೆ. ನಾನು ಕಂಡದ್ದೂ ಅದೇ. ಎರಡು ಕಡೆಯೂ ಬೇರೆ ಬೇರೆ ಅಳೆಯಿರಿ. ಎಡಕ್ಕೆ 17, ಬಲಕ್ಕೆ 19 ಬೇಕಾಗಬಹುದು. ತಪ್ಪೇನಿಲ್ಲ. ಹೆರಿಗೆಯಾಗಿ ಕೆಲವು ವಾರ ಕಳೆದ ಮೇಲೆ ಇನ್ನೊಮ್ಮೆ ಅಳೆಯಿರಿ, ಬದಲಾಗಿರಬಹುದು.

ಸಂಖ್ಯೆಗಿಂತ ನಿಮ್ಮ ಕಣ್ಣನ್ನು ಜಾಸ್ತಿ ನಂಬಿ. ಕೊಳವೆ ಪಾರದರ್ಶಕವಾಗಿದ್ದರೆ ಪಂಪ್ ಓಡುವಾಗ ಒಳಗೆ ನೋಡಿ. ತೊಟ್ಟು ನಡುವಿನಲ್ಲಿ ನಿಂತು, ಮೆಲ್ಲಗೆ ಮುಂದೆ ಹಿಂದೆ ಹೋಗಬೇಕು. ಬದಿಗೆ ಉಜ್ಜಿಕೊಂಡು ಅಲುಗದೆ ನಿಂತಿದ್ದರೆ, ತೆಗೆದಾಗ ಬಿಳಿಚಿಕೊಂಡಿದ್ದರೆ, ಆಲಿಕೆ ಚಿಕ್ಕದಾಯಿತು. ಕಪ್ಪು ಭಾಗ ಜಾಸ್ತಿ ಒಳಗೆ ಬರುತ್ತಿದ್ದರೆ, ತೊಟ್ಟು ಊದುತ್ತಿದ್ದರೆ, ದೊಡ್ಡದಾಯಿತು. ಮುಗಿದ ಮೇಲೆ ಮೊಲೆ ಹಗುರವಾಗಿ ಮೆತ್ತಗಾಗಿರಬೇಕು.

ಕೊಳವೆಯ ಒಳಬದಿಗೆ ಒಂದು ಹನಿ ಮನೆಯ ತೆಂಗಿನೆಣ್ಣೆ ಸವರಿದರೆ ಉಜ್ಜುವುದು ಕಡಿಮೆಯಾಗುತ್ತದೆ. ಒಂದು ಹನಿ ಮಾತ್ರ, ಆಮೇಲೆ ಸೋಪುನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಇನ್ನು ಎಳೆತ. ಪಂಪಿನ ಗುಂಡಿ ಜಾಸ್ತಿ ತಿರುಗಿಸಿದರೆ ಹಾಲು ಜಾಸ್ತಿ ಬರುತ್ತದೆ ಅನ್ನುವುದು ದೊಡ್ಡ ತಪ್ಪು. ಮೊದಲು ಬೇಗ ಬೇಗ, ಹಗುರವಾಗಿ. ಮಗುವೂ ಮೊದಲು ಹಾಗೇ ಚೀಪುತ್ತದೆ. ಹಾಲು ಇಳಿದ ಮೇಲೆ ನಿಧಾನವಾಗಿ, ಸ್ವಲ್ಪ ಆಳವಾಗಿ. ಏರಿಸುತ್ತಾ ಹೋಗಿ, ಕಿರಿಕಿರಿ ಅನಿಸಿದ ಕೂಡಲೇ ಒಂದು ಮೆಟ್ಟಿಲು ಇಳಿಸಿ. ಅದೇ ನಿಮ್ಮ ಜಾಗ. ಮೊದಲು ಚೆನ್ನಾಗಿದ್ದ ಪಂಪ್ ತಿಂಗಳು ಕಳೆದ ಮೇಲೆ ಎಳೆಯದಿದ್ದರೆ ಒಳಗಿನ ಸಣ್ಣ ರಬ್ಬರ್ ವಾಲ್ವ್ ನೋಡಿ. ಅದು ಸವೆದು ಬಾಯಿ ಬಿಟ್ಟಿರುತ್ತದೆ. ವಾಲ್ವ್ ಮಾತ್ರ ಬದಲಿಸಿದರೆ ಸಾಕು.

ನನ್ನ ಮೊದಲ ಮಗುವಿಗೆ ಮೆಡಿಕಲ್ ಶಾಪ್‌ನವರು ಕೊಟ್ಟದ್ದು ರಬ್ಬರ್ ಬಲೂನಿನ ಪಂಪ್. ಹಿಂದೆ ಬಲೂನು, ಮುಂದೆ ಗಾಜಿನ ಬಾಯಿ. ಎಷ್ಟು ಎಳೆಯುತ್ತದೆ ಅನ್ನುವುದು ನಮ್ಮ ಹಿಡಿತದಲ್ಲಿರುವುದಿಲ್ಲ. ಎರಡನೇ ದಿನ ಹಾಲಿನ ಜೊತೆ ರಕ್ತ ಬಂತು. ಅಳುತ್ತಾ ಅದನ್ನು ಮೂಲೆಗಿಟ್ಟೆ. ಹಾಲು ಬಲೂನಿನ ಒಳಗೆ ಹೋದರೆ ತೊಳೆಯಲೂ ಆಗುವುದಿಲ್ಲ. ಅದು ಈಗಲೂ ಮಾರಾಟಕ್ಕಿದೆ. ಯಾರೂ ಕೊಳ್ಳಬೇಡಿ. ಆ ನೋವು ನಿಮಗೆ ಬೇಡ.

ಕೈಯಲ್ಲಿ ಹಿಂಡುವುದನ್ನು ಎಲ್ಲರೂ ಕಲಿಯಲೇಬೇಕು. ಈ ಮಳೆಗೆ ಒಂದು ಮರ ಬಿದ್ದರೆ ಸಂಜೆಯವರೆಗೆ ಕರೆಂಟಿಲ್ಲ, ಚಾರ್ಜ್ ಮುಗಿದ ಪಂಪ್ ಏನು ಮಾಡುತ್ತದೆ? ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಸೇರಿಸಿ ಅದುಮಿ, ಬಿಡಿ. ಚರ್ಮದ ಮೇಲೆ ಜಾರಿಸಿ ಎಳೆಯಬೇಡಿ. ಪಂಪ್ ಹಾಕಿದಾಗಲೂ ಇನ್ನೊಂದು ಕೈಯಲ್ಲಿ ಮೊಲೆಯನ್ನು ನೀವುತ್ತಿದ್ದರೆ ಹಾಲು ಚೆನ್ನಾಗಿ ಖಾಲಿಯಾಗುತ್ತದೆ.

ಹಿಂಡಿದ ಹಾಲು ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಹೊರಗೆ 4 ಗಂಟೆ ಅನ್ನುವ ಲೆಕ್ಕ 25 ಡಿಗ್ರಿವರೆಗಿನದ್ದು. ನಮ್ಮ ಮಾರ್ಚ್, ಏಪ್ರಿಲ್ ಸೆಕೆಗೆ ಅದನ್ನು ನಂಬಬೇಡಿ, ಕೂಡಲೇ ತಂಪಿಗಿಡಿ. ಮಗು ಆಸ್ಪತ್ರೆಯಲ್ಲಿದ್ದರೆ ಅಲ್ಲಿಯವರು ಹೇಳಿದ ಹಾಗೆ ಮಾಡಿ. ಮೊಲೆಯ ಒಂದು ಭಾಗ ಕೆಂಪಾಗಿ, ಚಳಿಜ್ವರ ಬಂದರೆ ಅಳತೆಯೆಲ್ಲ ಆಮೇಲೆ, ಮೊದಲು ಡಾಕ್ಟರ ಹತ್ತಿರ ಹೋಗಿ.

ಮಗು ಮನೆಯಲ್ಲೇ ಇದೆ, ಚೆನ್ನಾಗಿ ಕುಡಿಯುತ್ತದೆ, ನೀವೂ ಜೊತೆಗಿದ್ದೀರಿ ಅಂದರೆ ಪಂಪೇ ಬೇಡ. ಸುಮ್ನೆ ದುಡ್ಡು ಹಾಕಬೇಡಿ. ಇದು ಮಗು ದೂರ ಇರುವವರಿಗೆ, ಬೆಳಿಗ್ಗೆಯ ರೈಲಿಗೆ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ.

ಅತ್ತೆಯಂದಿರಿಗೆ ಒಂದು ಮಾತು ಉಳಿಸಿಕೊಂಡಿದ್ದೆ. ಬಾಟಲಿಯಲ್ಲಿ ಕಾಣುವುದು ಪಂಪ್ ತೆಗೆದ ಹಾಲು. ಸೊಸೆಯ ಎದೆಯಲ್ಲಿ ಇರುವುದೆಲ್ಲ ಅದರಲ್ಲಿ ಕಾಣುವುದಿಲ್ಲ. ಮಗು ಚೀಪಿದರೆ ಪಂಪಿಗಿಂತ ಜಾಸ್ತಿ ಬರಬಹುದು. ಕುಂಬಳೆಯ ಆ ಅತ್ತೆ ಆಮೇಲೆ ಏನು ಮಾಡಿದರು ಗೊತ್ತಾ? ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಸೊಸೆಯ ಪಂಪಿನ ತುಂಡುಗಳನ್ನು ತೊಳೆದು ಜೋಡಿಸಿ ಕೊಡುತ್ತಿದ್ದರು. ಮಗು ಮನೆಗೆ ಬರುವವರೆಗೂ.

ಮೇಜಿನ ಮೇಲೆ ದಪ್ಪ ಕಾಗದದ ಅಳತೆಪಟ್ಟಿಗಳಿವೆ. 13ರಿಂದ 28ರವರೆಗೆ ದುಂಡು ತೂತುಗಳು, ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ, ಒಬ್ಬರು ಮುಟ್ಟಿಸಿದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ಒಳಗಿನ ಕೋಣೆಗೆ ಪರದೆ ಹಾಕಿದೆ, ನಾನು ಅಲ್ಲಿರುತ್ತೇನೆ. ಮಕ್ಕಳನ್ನು ಟೀಚರ್ ನೋಡಿಕೊಳ್ಳುತ್ತಾರೆ. ಬಸ್ಸಿಗೆ ಹೋಗಬೇಕಾದವರು ಮೊದಲು ಬನ್ನಿ.