ಹೊಸ್ತಿಲ ಮೇಲೆ ನಿಂತ ತಂಡಗಳು

ಎಲ್ಲರಿಗೂ ನಮಸ್ಕಾರ.

ಮಾರ್ಚ್ ಬಂತೆಂದರೆ ಇಲ್ಲಿ ಅಮೆರಿಕದ ಇಂಡಿಯಾನಾದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಮಕ್ಕಳು ಪೆನ್ಸಿಲ್ ಹಿಡಿದು ಬ್ರಾಕೆಟ್, ಅಂದರೆ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಯ ಪಂದ್ಯಗಳ ಪಟ್ಟಿ, ತುಂಬುತ್ತಾ ಕೂರುತ್ತಾರೆ. ಯಾರು ಗೆಲ್ಲುತ್ತಾರೆ ಅನ್ನುವುದು ಅವರ ಚಿಂತೆ. ಇವತ್ತು ನಾನು ಮಾತಾಡುವುದು ಆ ಹಾಳೆಯಲ್ಲಿ ಹೆಸರೇ ಇಲ್ಲದ ತಂಡಗಳ ಬಗ್ಗೆ.

2024ರ ಮಾರ್ಚ್ 17, ಭಾನುವಾರ ಸಂಜೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿಗೆ ಆಯ್ಕೆಯಾದ 68 ಕಾಲೇಜು ತಂಡಗಳ ಹೆಸರು ಟೀವಿಯಲ್ಲಿ ಒಂದೊಂದಾಗಿ ಬರುತ್ತಿತ್ತು. ನಾನೂ ನನ್ನ ಮಗಳೂ ಒಂದೇ ಹೆಸರಿಗೆ ಕಾದು ಕೂತಿದ್ದೆವು: ಇಂಡಿಯಾನಾ ಸ್ಟೇಟ್. ಟೆರಾ ಹೋಟ್ ಊರಿನ ವಿಶ್ವವಿದ್ಯಾಲಯ. ಮುಂದೆ ಬಾಸ್ಕೆಟ್‌ಬಾಲ್ ದಿಗ್ಗಜರಾದ ಲ್ಯಾರಿ ಬರ್ಡ್ ಆಡಿದ ತಂಡ. 1979ರಲ್ಲಿ ಒಂದೂ ಸೋಲಿಲ್ಲದೆ ಫೈನಲ್ ತನಕ ಹೋಗಿ, ಅಲ್ಲಿ ಮ್ಯಾಜಿಕ್ ಜಾನ್ಸನ್ ಅವರ ಮಿಷಿಗನ್ ಸ್ಟೇಟ್‌ಗೆ ಸೋತ ತಂಡ. 2011ರ ನಂತರ ಈ ಟೂರ್ನಿಯ ಮುಖ ನೋಡಿರಲಿಲ್ಲ. ಆ ವರ್ಷ 28 ಪಂದ್ಯ ಗೆದ್ದು 6 ಸೋತಿತ್ತು. ಕನ್ನಡಕ ಹಾಕಿಕೊಂಡೇ ಆಡುವ ರಾಬಿ ಅವಿಲಾ ಎಂಬ ಎತ್ತರದ ಹುಡುಗ ಇಡೀ ದೇಶದ ಕಣ್ಣಿಗೆ ಬಿದ್ದಿದ್ದ. ಮಗಳು ಹಾಳೆಯ ಮೂಲೆಯಲ್ಲಿ ಅವನ ಕನ್ನಡಕದ ಚಿತ್ರ ಬರೆದುಕೊಂಡು ಕೂತಿದ್ದಳು. ಒಂದು ವಿಭಾಗ ಮುಗಿಯಿತು, ಎರಡು, ಮೂರು, ನಾಲ್ಕನೆಯದೂ ಮುಗಿಯಿತು. ಹೆಸರು ಬರಲೇ ಇಲ್ಲ. "ಅಪ್ಪಾ, 28 ಗೆದ್ದರೂ ಸಾಲದಾ?" ಅಂತ ಕೇಳಿದಳು. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕು ಅನ್ನುವುದೇ ಈ ಉಪನ್ಯಾಸಕ್ಕೆ ಕಾರಣ.

ಮೊದಲು ಆಯ್ಕೆ ನಡೆಯುವ ಬಗೆ ನೋಡೋಣ. ಅಮೆರಿಕದಲ್ಲಿ ಮೊದಲ ದರ್ಜೆಯಲ್ಲಿ ಆಡುವ ಕಾಲೇಜುಗಳು 360ಕ್ಕೂ ಹೆಚ್ಚು. ಅವು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಹಂಚಿಹೋಗಿವೆ. ಋತುವಿನ ಕೊನೆಗೆ ಪ್ರತಿ ಕಾನ್ಫರೆನ್ಸ್ ನಡೆಸುವ ಟೂರ್ನಿಯ ಚಾಂಪಿಯನ್‌ಗೆ ನೇರ ಪ್ರವೇಶ. 2024ರಲ್ಲಿ ಹೀಗೆ ಬಂದವರು 32. ಉಳಿದ 36 ಜಾಗವನ್ನು 12 ಜನರ ಸಮಿತಿ ತುಂಬಿತು. ಸದಸ್ಯರೆಲ್ಲ ಕಾಲೇಜುಗಳ ಕ್ರೀಡಾ ನಿರ್ದೇಶಕರು, ಕಾನ್ಫರೆನ್ಸ್‌ಗಳ ಮುಖ್ಯಸ್ಥರು. ಆ 36ರಲ್ಲಿ ಹೆಚ್ಚಿನವರ ಬಗ್ಗೆ ಯಾರಿಗೂ ತಕರಾರಿಲ್ಲ. ಜಗಳ ಏಳುವುದು ಕೊನೆಯ ನಾಲ್ಕೈದು ಜಾಗಕ್ಕೆ. ಆ ಜಾಗಕ್ಕೆ ಕಾದಿರುವ ತಂಡಗಳನ್ನು ಇಲ್ಲಿನವರು 'ಬಬಲ್ ಮೇಲಿನ ತಂಡ' ಅನ್ನುತ್ತಾರೆ. ನನಗೆ ಅವು ಹೊಸ್ತಿಲ ಮೇಲೆ ನಿಂತ ತಂಡಗಳಾಗಿ ಕಾಣುತ್ತವೆ. ಒಳಗೆ ಕರೆದರೋ ಇಲ್ಲವೋ ಎಂದು ಕಿವಿಗೊಟ್ಟು ನಿಂತವರು.

ಸಮಿತಿಯ ಮುಂದೆ ಪ್ರತಿ ತಂಡಕ್ಕೂ ಒಂದು ಟೀಮ್ ಶೀಟ್ ಇರುತ್ತದೆ. ಯಾರ ವಿರುದ್ಧ, ಎಲ್ಲಿ, ಎಷ್ಟಕ್ಕೆ ಎಷ್ಟು, ಎದುರಾಳಿಯ ಶ್ರೇಯಾಂಕವೇನು ಎಂದು ಪ್ರತಿ ಪಂದ್ಯದ ವಿವರ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಶ್ರೇಯಾಂಕದ ಹೆಸರು ನೆಟ್. 2018-19ರ ಋತುವಿನಿಂದ ಇದೇ ಬಳಕೆಯಲ್ಲಿದೆ. ಪಂದ್ಯ ಎಷ್ಟು ಕಠಿಣ ಎಂಬುದರ ಮೇಲೆ ಸಾಲುಗಳನ್ನು ಕ್ವಾಡ್ ಎಂಬ ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತಾರೆ; ಮೊದಲ ಕ್ವಾಡ್ ಎಲ್ಲಕ್ಕಿಂತ ಕಠಿಣ. ಇದರಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ನಿಮ್ಮ ಊರಿನ ಅಂಕಣದಲ್ಲಿ ಆಡುವಾಗ ಎದುರಾಳಿ ಮೊದಲ 30ರೊಳಗಿದ್ದರೆ ಮಾತ್ರ ಅದು ಮೊದಲ ಕ್ವಾಡ್ ಪಂದ್ಯ. ಇಬ್ಬರಿಗೂ ಸೇರದ ಅಂಕಣವಾದರೆ 50ರವರೆಗೆ. ಎದುರಾಳಿಯ ಊರಿಗೇ ಹೋಗಿ ಆಡಿದರೆ 75ರವರೆಗೆ. ಪರವೂರಿಗೆ ಹೋಗಿ ಗೆಲ್ಲುವುದು ಎಷ್ಟು ಕಷ್ಟ ಎಂಬ ಆಟಗಾರರ ಅನುಭವಕ್ಕೆ ಇಲ್ಲಿ ಲೆಕ್ಕದಲ್ಲೇ ಬೆಲೆ ಕೊಟ್ಟಿದ್ದಾರೆ.

ಆದರೆ ಇದೇ ಹಾಳೆಯಲ್ಲಿ ಒಂದು ಅನ್ಯಾಯವೂ ಅಡಗಿದೆ. ಮೊದಲ ಕ್ವಾಡ್‌ನಲ್ಲಿ ಗೆಲ್ಲಬೇಕಾದರೆ ಮೊದಲು ಅಲ್ಲಿ ಆಡಲು ಸಿಗಬೇಕಲ್ಲ? ದೊಡ್ಡ ಕಾನ್ಫರೆನ್ಸ್‌ನ ತಂಡಕ್ಕೆ ಜನವರಿ, ಫೆಬ್ರುವರಿ ತಿಂಗಳಲ್ಲಿ ವಾರಕ್ಕೊಂದರಂತೆ ಅಂಥ ಪಂದ್ಯ ತಾನಾಗಿ ಬರುತ್ತದೆ. ಮಿಸೌರಿ ವ್ಯಾಲಿಯಂಥ ಸಣ್ಣ ಕಾನ್ಫರೆನ್ಸ್‌ನ ಇಂಡಿಯಾನಾ ಸ್ಟೇಟ್‌ಗೆ ಬರುವುದಿಲ್ಲ. ದೊಡ್ಡ ತಂಡಗಳು ಟೆರಾ ಹೋಟ್‌ಗೆ ಬಂದು ಆಡಲು ಒಪ್ಪುವುದು ಅಪರೂಪ. ಸೋತರೆ ಮಾನ ಹೋಗುತ್ತದೆ, ಗೆದ್ದರೆ ಹೆಚ್ಚೇನೂ ಸಿಗುವುದಿಲ್ಲ. ಹಾಗಾಗಿ ಇವರೇ ಅಲಬಾಮಾಕ್ಕೆ ಹೋದರು, ಸೋತರು. ಮಿಷಿಗನ್ ಸ್ಟೇಟ್‌ಗೆ ಹೋದರು, ಸೋತರು. ಉಳಿದ ಋತುವೆಲ್ಲ ಗೆಲ್ಲುತ್ತಲೇ ಹೋದರೂ ಆ ಗೆಲುವುಗಳು ಬಹುಪಾಲು ಹಾಳೆಯ ಕೆಳಗಿನ ಸಾಲುಗಳಲ್ಲೇ ಬಿದ್ದವು. ನೆಟ್‌ನಲ್ಲಿ ಮೊದಲ 30ರೊಳಗೆ ಇದ್ದರೂ, ಮಾರ್ಚ್ 10ರಂದು ಕಾನ್ಫರೆನ್ಸ್ ಫೈನಲ್‌ನಲ್ಲಿ ಡ್ರೇಕ್ ಎದುರು 84-80ರಿಂದ ಸೋತ ಕೂಡಲೇ ನೇರ ಪ್ರವೇಶ ತಪ್ಪಿತು. ಆಮೇಲೆ ಉಳಿದದ್ದು ಒಂದು ವಾರದ ಕಾಯುವಿಕೆ.

ಆ ವಾರ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಸೆಮಿಫೈನಲ್, ವರ್ಜೀನಿಯಾ ಮತ್ತು ನಾರ್ತ್ ಕೆರೊಲಿನಾ ಸ್ಟೇಟ್ ನಡುವೆ. ಎನ್‌ಸಿ ಸ್ಟೇಟ್ 17 ಗೆಲುವು 14 ಸೋಲಿನೊಂದಿಗೆ ಆ ಟೂರ್ನಿಗೆ ಬಂದಿತ್ತು. ಚಾಂಪಿಯನ್ ಆಗದೆ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ. ವರ್ಜೀನಿಯಾ ಮೂರು ಅಂಕ ಮುಂದೆ. ಕೆಲವೇ ಸೆಕೆಂಡು ಬಾಕಿ. ವರ್ಜೀನಿಯಾದ ಆಟಗಾರ ಫ್ರೀ ಥ್ರೋ ತಪ್ಪಿಸಿದ. ಎನ್‌ಸಿ ಸ್ಟೇಟ್‌ನ ಮೈಕೆಲ್ ಒ'ಕಾನೆಲ್ ಚೆಂಡು ಹಿಡಿದು ಓಡಿಬಂದು ಮೂರು ಅಂಕ ಸಿಗುವಷ್ಟು ದೂರದಿಂದ ಎಸೆದ. ಚೆಂಡು ಬೋರ್ಡಿಗೆ ಬಡಿದು ಬುಟ್ಟಿಗೆ ಬಿತ್ತು. ಪಂದ್ಯ ಸಮ. ಹೆಚ್ಚುವರಿ ಅವಧಿಯಲ್ಲಿ ಎನ್‌ಸಿ ಸ್ಟೇಟ್ ಗೆದ್ದಿತು, ಮರುದಿನ ಅದೇ ರಾಜ್ಯದ ಇನ್ನೊಂದು ತಂಡ ನಾರ್ತ್ ಕೆರೊಲಿನಾವನ್ನೂ ಸೋಲಿಸಿ ಐದು ದಿನಗಳಲ್ಲಿ ಐದನೆಯ ಗೆಲುವು ಸಾಧಿಸಿ ಚಾಂಪಿಯನ್ ಆಯಿತು. ಲೆಕ್ಕದಲ್ಲೇ ಇಲ್ಲದ ತಂಡ ನೇರ ಪ್ರವೇಶ ಪಡೆದರೆ ಸಮಿತಿಯ ಕೈಯಲ್ಲಿರುವ ಜಾಗಗಳಲ್ಲಿ ಒಂದು ಕಡಿಮೆಯಾದಂತೆ. ಆ ವಾರ ಬೇರೆ ಕಾನ್ಫರೆನ್ಸ್‌ಗಳಲ್ಲೂ ಹೀಗೆಯೇ ಆಯಿತು. ನೂರಾರು ಮೈಲಿ ದೂರದಲ್ಲಿ ಬೋರ್ಡಿಗೆ ಬಡಿದ ಒಂದು ಚೆಂಡು ಟೆರಾ ಹೋಟ್‌ನ ಹುಡುಗರನ್ನು ಸಾಲಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತು.

ಸೋತ ವರ್ಜೀನಿಯಾ ಏನಾಯಿತು? ನೆಟ್‌ನಲ್ಲಿ 50ರ ಆಚೆ ಇದ್ದರೂ ಒಳಗೆ ಬಂತು. ಕೊನೆಯಲ್ಲಿ ಸೇರಿಸಿಕೊಂಡ ನಾಲ್ಕು ತಂಡಗಳು ಒಹಾಯೋದ ಡೇಟನ್‌ನಲ್ಲಿ ಮೊದಲು ಪರಸ್ಪರ ಆಡಬೇಕು. 2011ರಿಂದ ಈ ಪದ್ಧತಿ ಇದೆ. ಅಲ್ಲಿ ಕೊಲೊರಾಡೊ ಸ್ಟೇಟ್ ಎದುರು ವರ್ಜೀನಿಯಾ 67-42ರಿಂದ ಸೋತಿತು. "ನೋಡಿ, ಆಯ್ಕೆ ತಪ್ಪೆಂದು ಸಾಬೀತಾಯಿತು" ಎಂದು ಆ ರಾತ್ರಿ ಎಷ್ಟೋ ಜನ ಹೇಳಿದರು.

ಈ ಮಾತನ್ನು ನಾನು ಒಪ್ಪುವುದಿಲ್ಲ. 2011ರಲ್ಲಿ ವಿಸಿಯು ಎಂಬ ತಂಡವನ್ನು ಆರಿಸಿದಾಗ ಟೀವಿಯ ಪರಿಣತರು ಕಟುವಾಗಿ ಟೀಕಿಸಿದರು. ಆ ತಂಡ ಡೇಟನ್‌ನಿಂದ ಶುರುಮಾಡಿ, ಕಾನ್ಸಸ್‌ನಂಥ ಬಲಿಷ್ಠರನ್ನೂ ಮಣಿಸಿ ಕೊನೆಯ ನಾಲ್ವರಲ್ಲಿ ನಿಂತಿತು. 2021ರಲ್ಲಿ ಯುಸಿಎಲ್‌ಎ ತಂಡ ಕೂಡ ಅಂಥದೇ ಆರಂಭಿಕ ಪಂದ್ಯದಿಂದ ಶುರುಮಾಡಿ ಕೊನೆಯ ನಾಲ್ವರವರೆಗೆ ತಲುಪಿತು. ಹಾಗೆಂದು ಆ ಆಯ್ಕೆಗಳು ಸರಿಯಾದವೆಂದೂ, ವರ್ಜೀನಿಯಾದ್ದು ತಪ್ಪೆಂದೂ ಆಟದ ಫಲಿತಾಂಶದಿಂದ ತೀರ್ಮಾನಿಸಲಾಗದು. ಭಾನುವಾರ ಸಮಿತಿಯ ಮುಂದೆ ಇದ್ದದ್ದು ಅಲ್ಲಿಯವರೆಗಿನ ಆಟ ಮಾತ್ರ. ಅದನ್ನು ಹೇಗೆ ತೂಗಿದರು ಅನ್ನುವುದೇ ಪ್ರಶ್ನೆ.

ತೂಗುವುದಕ್ಕೆ ಎರಡು ತಕ್ಕಡಿಗಳಿವೆ. ನಾಳೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಗೆಲ್ಲುವವರು ಯಾರು ಎಂದು ಕೇಳುವುದು ಒಂದು. ಇಷ್ಟು ದಿನ ಆಡಿ ಗಳಿಸಿದವರು ಯಾರು ಎಂದು ಕೇಳುವುದು ಇನ್ನೊಂದು. ಮೊದಲನೆಯದು ಬಲದ ಪ್ರಶ್ನೆ, ಎರಡನೆಯದು ಅರ್ಹತೆಯ ಪ್ರಶ್ನೆ. ಸಮಿತಿಯ ಹಾಳೆಯಲ್ಲಿ ಎರಡೂ ಬಗೆಯ ಅಂಕಿಗಳಿವೆ, ಯಾವುದಕ್ಕೆ ಎಷ್ಟು ತೂಕ ಎಂಬುದು ಸದಸ್ಯರ ಮನಸ್ಸಿಗೆ ಬಿಟ್ಟದ್ದು. ಒಬ್ಬರು ಒಂದು ತಕ್ಕಡಿ ಹಿಡಿದರೆ ಪಕ್ಕದವರು ಇನ್ನೊಂದನ್ನು ಹಿಡಿಯಬಹುದು. ನನ್ನ ನಿಲುವು ಸ್ಪಷ್ಟ: ಜಾಗ ಕೊಡಬೇಕಾದ್ದು ಗಳಿಸಿದವರಿಗೆ. ಮುಂದೆ ಗೆದ್ದಾರು ಎಂಬ ಅಂದಾಜಿಗೆ ಜಾಗ ಕೊಡುವುದಾದರೆ ನವೆಂಬರ್‌ನಿಂದ ಆಡಿದ ಆಟಕ್ಕೆ ಅರ್ಥವೇನು?

2024-25ರಿಂದ ಹಾಳೆಗೆ ಹೊಸ ಅಂಕಿಯೊಂದು ಸೇರಿದೆ, ಡಬ್ಲ್ಯುಎಬಿ (ವಿನ್ಸ್ ಅಬೌವ್ ಬಬಲ್) ಅಂತ. ಹೊಸ್ತಿಲ ಮೇಲಿನ ಒಂದು ಸಾಧಾರಣ ತಂಡ ಇದೇ ಎದುರಾಳಿಗಳ ವಿರುದ್ಧ, ಇದೇ ಊರುಗಳಲ್ಲಿ ಆಡಿದ್ದರೆ ಎಷ್ಟು ಗೆಲ್ಲುತ್ತಿತ್ತು ಎಂದು ಲೆಕ್ಕ ಹಾಕಿ, ಅದಕ್ಕಿಂತ ನೀವು ಎಷ್ಟು ಹೆಚ್ಚು ಗೆದ್ದಿರಿ ಎಂದು ನೋಡುವುದು. ಎಷ್ಟು ಅಂಕಗಳಿಂದ ಗೆದ್ದಿರಿ ಎಂಬುದು ಅದಕ್ಕೆ ಬೇಡ. ಇದು ಬಂದದ್ದು ನನಗೆ ನಿಜಕ್ಕೂ ಸಂತೋಷ.

ಅದೇ ವರ್ಷ ಇನ್ನೊಂದು ಗಲಾಟೆಯಾಯಿತು. ಮೊದಲ ಕ್ವಾಡ್‌ನ 13 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದ ನಾರ್ತ್ ಕೆರೊಲಿನಾ ಒಳಗೆ ಬಂತು. ಗೊಂಜಾಗಾ, ಅರಿಜೋನಾ ತಂಡಗಳನ್ನು ಸೋಲಿಸಿ, ಕಾನ್ಸಸ್‌ಗೆ ಹೋಗಿ ಅಲ್ಲೂ ಗೆದ್ದು ಬಂದಿದ್ದ ವೆಸ್ಟ್ ವರ್ಜೀನಿಯಾ ಹೊರಗುಳಿಯಿತು. ಆ ರಾಜ್ಯದ ಗವರ್ನರ್ ಪತ್ರಿಕಾಗೋಷ್ಠಿ ಕರೆದು ತನಿಖೆಯ ಮಾತಾಡಿದರು. ಸಮಿತಿಯ ಅಧ್ಯಕ್ಷರು ನಾರ್ತ್ ಕೆರೊಲಿನಾದ ಕ್ರೀಡಾ ನಿರ್ದೇಶಕರೇ ಆಗಿದ್ದರಿಂದ ಅನುಮಾನ ಇನ್ನಷ್ಟು ಬೆಳೆಯಿತು. ನಿಯಮದಂತೆ ತಮ್ಮ ತಂಡದ ಚರ್ಚೆ ಬಂದಾಗ ಅವರು ಕೋಣೆಯಿಂದ ಹೊರಗಿದ್ದರು. ನನಗೆ ಅಧ್ಯಕ್ಷರ ವಿಚಾರಕ್ಕಿಂತ ಆ 13 ಎಂಬ ಸಂಖ್ಯೆ ಕಾಡುತ್ತದೆ. ಒಂದು ತಂಡಕ್ಕೆ ದೊಡ್ಡವರ ಎದುರು 13 ಅವಕಾಶ. ಇಂಡಿಯಾನಾ ಸ್ಟೇಟ್‌ಗೆ ಬೆರಳೆಣಿಕೆಯಷ್ಟು. ಎಂಥ ಒಳ್ಳೆಯ ಸೂತ್ರ ತಂದರೂ ಆಡಲು ಸಿಗದ ಪಂದ್ಯವನ್ನು ಅದು ತೂಗಲಾರದು. ಹಾಗಾಗಿ ಸಣ್ಣ ಊರಿನ ಅಂಕಣಕ್ಕೂ ದೊಡ್ಡ ತಂಡಗಳು ಬಂದು ಆಡುವಂತೆ ವೇಳಾಪಟ್ಟಿಯಲ್ಲೇ ನಿಯಮ ಮಾಡಬೇಕು ಅನ್ನುವುದು ನನ್ನ ಒತ್ತಾಯ. 68 ಸಾಲದು, ತಂಡಗಳನ್ನು ಹೆಚ್ಚಿಸಿ ಅನ್ನುವವರಿದ್ದಾರೆ. ಹೆಚ್ಚಿಸಿದರೆ ಹೊಸ್ತಿಲು ನಾಲ್ಕು ಅಡಿ ಆಚೆ ಹೋಗುತ್ತದೆ, ಅದರ ಮೇಲೆ ನಿಲ್ಲುವವರು ಇದ್ದೇ ಇರುತ್ತಾರೆ.

ದುಡ್ಡಿನ ಮಾತು ಬಿಡುವಂತಿಲ್ಲ. ಈ ಟೂರ್ನಿಯಲ್ಲಿ ತಂಡವೊಂದು ಆಡುವ ಪ್ರತಿ ಪಂದ್ಯಕ್ಕೂ, ಫೈನಲ್ ಒಂದನ್ನು ಬಿಟ್ಟು, ಅದರ ಕಾನ್ಫರೆನ್ಸ್‌ಗೆ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್ ಸಲ್ಲುತ್ತದೆ. ದೊಡ್ಡವರಿಗೆ ಅದು ಹತ್ತರಲ್ಲಿ ಒಂದು. ಸಣ್ಣವರಿಗೆ ಹೊಸ ತರಬೇತುದಾರರ ಸಂಬಳ, ಹೊರ ಊರಿನ ಪ್ರಯಾಣ ಎಲ್ಲವೂ ಅದರಲ್ಲೇ.

2024ರಲ್ಲಿ ಹೊರಗುಳಿದ ಇಂಡಿಯಾನಾ ಸ್ಟೇಟ್, ಹಾಗೆ ಆಯ್ಕೆಯಾಗದ ತಂಡಗಳು ಆಡುವ ಎನ್‌ಐಟಿ ಎಂಬ ಇನ್ನೊಂದು ಟೂರ್ನಿಗೆ ಹೋಯಿತು. ಟೆರಾ ಹೋಟ್‌ನ ಹಲ್ಮನ್ ಸೆಂಟರ್‌ನಲ್ಲಿ ಮೊದಲ ಮೂರು ಪಂದ್ಯ. ಕೊನೆಗೂ ಮಿನ್ನೆಸೋಟಾ, ಸಿನ್ಸಿನಾಟಿಯಂಥ ದೊಡ್ಡ ಕಾನ್ಫರೆನ್ಸ್‌ನ ತಂಡಗಳು ಆ ಊರಿಗೆ ಬಂದವು, ಸೋತು ಹೋದವು. ಫೈನಲ್ ಇಂಡಿಯಾನಾಪೊಲಿಸ್‌ನ ಹಿಂಕಲ್ ಫೀಲ್ಡ್‌ಹೌಸ್‌ನಲ್ಲಿ, ಸೀಟನ್ ಹಾಲ್ ಎದುರು. ಅದೂ ಆ ಭಾನುವಾರ ಹೊಸ್ತಿಲಲ್ಲೇ ಉಳಿದಿದ್ದ ತಂಡ. ಮಗಳನ್ನು ಕರೆದುಕೊಂಡು ಹೋಗಿದ್ದೆ. 79-77, ಎರಡು ಅಂಕದಿಂದ ನಮ್ಮವರು ಸೋತರು. ಕೆಲವೇ ದಿನಗಳಲ್ಲಿ ತರಬೇತುದಾರರು ಸೇಂಟ್ ಲೂಯಿಸ್‌ಗೆ ಹೋದರು, ಅವಿಲಾ ಕೂಡ ಅವರ ಹಿಂದೆ ಹೋದ. ಆ ತಂಡ ಮತ್ತೆ ಒಟ್ಟಾಗಿ ಆಡಲಿಲ್ಲ. ಕನ್ನಡಕದ ಚಿತ್ರವಿರುವ ಆ ಹಾಳೆ ಮಗಳ ಮೇಜಿನ ಮೇಲಿನ ಗೋಡೆಯಲ್ಲಿ ಇವತ್ತಿಗೂ ಇದೆ. ಬ್ರಾಕೆಟ್ ಅರ್ಧವೇ ತುಂಬಿದೆ.