ಗೂಡಿನ ಊರಿಗೆ ಎಐ ಪಾರ್ಕ್ ಬೇಕಂತೆ!

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಕೊಂಡಿದ್ದೆ, ಪಕ್ಕಕ್ಕಿಟ್ಟೆ. ಕಾರಣ ಒಂದು ಕಾಮೆಂಟು. ಓದ್ತೀನಿ, ಕೇಳಿ. "ರೇಷ್ಮೆ ಎಲ್ಲಾ ತಾತನ ಕಾಲದ್ದು ಬ್ರೋ. ಶಿಡ್ಲಘಟ್ಟಕ್ಕೆ ಒಂದು ಎಐ ಪಾರ್ಕ್ ಕೊಡ್ಲಿ, ಊರು ಉದ್ಧಾರ ಆಗುತ್ತೆ." ಇದರ ಕೆಳಗೆ ಲೈಕಿನ ಸುರಿಮಳೆ ಬೇರೆ. ಶಿಡ್ಲಘಟ್ಟ ಅಂದ್ರೆ ರೇಷ್ಮೆ ಗೂಡಿನ ಊರು ಕಣ್ರೀ.

ಆಯ್ತು ಬ್ರೋ, ಪಾರ್ಕ್ ಬಂತು. ಗಾಜಿನ ಬಿಲ್ಡಿಂಗು, ಬೀನ್ ಬ್ಯಾಗು, ಕಾಫಿ ಮಷೀನು, ರಿಬ್ಬನ್ ಕತ್ತರಿಸೋಕೆ ಮಂತ್ರಿಗಳು. ಮಾರನೇ ದಿನ ಒಳಗೆ ಯಾರು ಕೂರ್ತಾರೆ? ಬೆಂಗಳೂರು ಅಷ್ಟು ಹತ್ತಿರ ಇರೋವಾಗ ಕೋಡಿಂಗ್ ಕಲಿತ ಹುಡುಗ ಶಿಡ್ಲಘಟ್ಟದಲ್ಲಿ ಯಾಕೆ ಕೂರ್ತಾನೆ? ಸೆಕ್ಯೂರಿಟಿಯವರು ಕೂರ್ತಾರೆ, ಅಷ್ಟೆ.

ನಾನು ಹೇಳೋದು ಒಂದೇ ಮಾತು. ಊರಿಗೆ ಯಾವ ಕಸುಬು ಗೊತ್ತಿದೆಯೋ, ಅದು ಎಲ್ಲಿ ಎಡವುತ್ತೋ, ಅಲ್ಲಿ ತಲೆ ಓಡಿಸಿ, ಅಲ್ಲಿ ದುಡ್ಡು ಹಾಕಿ. ಮುಗೀತು. ಆದ್ರೂ ವಿಡಿಯೋ ಮುಗಿಸಲ್ಲ, ಇನ್ನೂ ಬೈಯೋದಿದೆ.

ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಭಾಷಣದಲ್ಲೆಲ್ಲ ಹೇಳ್ತಾರೆ. ಸರಿ, ಅಲ್ಲಿ ಏನು ಎಡವುತ್ತೆ? ಹರಾಜು ಮೊಬೈಲ್‌ಗೆ ಬಂತು, ದುಡ್ಡು ಬ್ಯಾಂಕಿಗೆ ಬಂತು. ಗೂಡಿನ ಗುಣಮಟ್ಟ ಮಾತ್ರ ಇವತ್ತಿಗೂ ಹೆಚ್ಚಿನ ಲಾಟಲ್ಲಿ, ಅಂದ್ರೆ ರೈತ ತಂದ ಗೂಡಿನ ರಾಶಿಯಲ್ಲಿ, ಕೈಯಲ್ಲೇ ತೀರ್ಮಾನ ಆಗೋದು. ರೀಲರ್, ಅಂದ್ರೆ ಗೂಡಿಂದ ನೂಲು ತೆಗೆಯೋರು, ಬರ್ತಾರೆ, ನಾಲ್ಕು ಗೂಡು ಎತ್ಕೊಳ್ತಾರೆ, ಅಮುಕಿ ನೋಡ್ತಾರೆ, ಕಿವಿ ಹತ್ರ ಅಲ್ಲಾಡಿಸ್ತಾರೆ, ಬೆಲೆ ಒತ್ತುತಾರೆ. ಅವರ ಅನುಭವ ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ಗೂಡಿನ ಒಳಗಿನ ಎಳೆ ಎಷ್ಟು ಸಲ ತುಂಡಾಗುತ್ತೆ ಅಂತ ಕಿವಿಗೆ ಕೇಳಿಸಲ್ಲ ಕಣ್ರೀ.

ಲೆಕ್ಕ ಹಾಕಿ. ಒಳ್ಳೆ ದ್ವಿತಳಿ (ಬೈವೋಲ್ಟೀನ್, ಬಿಳಿ) ಗೂಡು ಆರೂವರೆ ಕೆಜಿ ಹಾಕಿದ್ರೆ ಒಂದು ಕೆಜಿ ನೂಲು. ಮಿಶ್ರತಳಿಯಲ್ಲಿ (ಕ್ರಾಸ್‌ಬ್ರೀಡ್, ಹಳದಿ) ಸಾಧಾರಣ ಲಾಟಿಗೆ ಎಂಟು ಕೆಜಿ ಬೇಕಾಗುತ್ತೆ. ನೂರು ಕೆಜಿ ಗೂಡಿಗೆ ಒಂದರಲ್ಲಿ ಹದಿನೈದು ಕೆಜಿ ಚಿಲ್ಲರೆ, ಇನ್ನೊಂದರಲ್ಲಿ ಹನ್ನೆರಡೂವರೆ. ಹತ್ತಿರ ಹತ್ತಿರ ಮೂರು ಕೆಜಿ ರೇಷ್ಮೆ ವ್ಯತ್ಯಾಸ. ತಳಿ ಕಣ್ಣಿಗೆ ಕಾಣುತ್ತೆ, ಬಿಳಿ ಯಾವುದು ಹಳದಿ ಯಾವುದು ಅಂತ ಮಗುವೂ ಹೇಳುತ್ತೆ. ಒಂದೇ ತಳಿಯ ಎರಡು ಲಾಟಿನ ಮಧ್ಯದ ವ್ಯತ್ಯಾಸ ಕಾಣಲ್ಲ. ಚಿಪ್ಪಿನ ಪ್ರಮಾಣ ನೋಡೋದು ಸುಲಭ: ಕ್ರೇಟಿನ ಮೇಲಿಂದ ಮಾತ್ರ ಅಲ್ಲ, ತಳದಿಂದಲೂ ಸೇರಿಸಿ ಐವತ್ತು ಗೂಡು ತೆಗೀರಿ, ತೂಕ ಮಾಡಿ, ಬ್ಲೇಡಲ್ಲಿ ಕೊಯ್ದು ಒಳಗಿನ ಹುಳು, ಅಂದ್ರೆ ಪ್ಯೂಪಾ, ಆಚೆ ಹಾಕಿ, ಬರೀ ಚಿಪ್ಪು ತೂಗಿ. ದ್ವಿತಳಿಗೆ 20ರಿಂದ 23 ಪರ್ಸೆಂಟ್ ಬಂದ್ರೆ ಚೆನ್ನಾಗಿದೆ. ಆದ್ರೆ ಚಿಪ್ಪು ದಪ್ಪ ಇದ್ರೂ ನೂಲು ಬಿಚ್ಚದೇ ಇರಬಹುದು. ಯಾಕೆ? ಹುಳು ಹಣ್ಣಾಗಿ, ಅಂದ್ರೆ ಗೂಡು ಕಟ್ಟೋ ಹಂತಕ್ಕೆ ಬಂದು, ಗೂಡು ಕಟ್ಟೋ ತಟ್ಟೆ ಚಂದ್ರಿಕೆ ಹತ್ತಿದಾಗ ಮನೆ ಕಿಟಕಿ ಮುಚ್ಚಿದ್ರು. ಹುಳುವಿನ ಉಚ್ಚೆ, ಉಸಿರು ಎಲ್ಲಾ ಸೇರಿ ತೇವ ಏರ್ತು, ಎಳೆಯ ಮೇಲಿನ ಅಂಟು ಸರಿಯಾಗಿ ಒಣಗಲೇ ಇಲ್ಲ, ಎಳೆ ಎಳೆಗೆ ಅಂಟ್ಕೊಳ್ತು. ಗೂಡು ಕಟ್ಟೋವಾಗ 24–25 ಡಿಗ್ರಿ, ತೇವ 60–65 ಪರ್ಸೆಂಟ್, ಗಾಳಿ ಆಡಬೇಕು. ಇದನ್ನೆಲ್ಲ ಪಾಲಿಸಿದ ರೈತನಿಗೂ ಅದೇ ಬೆಲೆ, ಕಿಟಕಿ ಮುಚ್ಚಿ ಮಲಗಿದವನಿಗೂ ಅದೇ ಬೆಲೆ ಅಂದ್ರೆ, ಮುಂದಿನ ಬೆಳೆಗೆ ಕಿಟಕಿ ಯಾರು ತೆಗೀತಾರೆ?

ಎಐ ಬೇಕು ಅಂದ್ರಲ್ಲ ಬ್ರೋ, ತಗೊಳ್ಳಿ ಕೆಲಸ! ಗೂಡಿನ ಕೆಳಗೆ ಬೆಳಕು ಬಿಟ್ಟು ಮೇಲೆ ಕ್ಯಾಮೆರಾ ಇಡಿ. ಒಳಗಿನ ಕಲೆ, ಜೋಡಿ ಗೂಡು, ಒಳಗೇ ಸತ್ತ ಹುಳು, ತೆಳು ಚಿಪ್ಪು, ಇವನ್ನ ಬೇರೆ ಮಾಡೋ ಮಷೀನು ಮಾಡಿ. ಹರಾಜು ಶುರುವಾಗೋ ಮೊದಲು, ನಿಮಿಷಗಳಲ್ಲಿ, ಲಾಟಿಗೊಂದು ಚೀಟಿ ಕೊಡಬೇಕು. ಗೂಡು ಎಲ್ಲಿದೆಯೋ ಅಲ್ಲೇ ಕೂತು ಮಾಡಬೇಕು ಇದನ್ನ, ಬೀನ್ ಬ್ಯಾಗ್ ಮೇಲಲ್ಲ.

ಸಬ್‌ಸ್ಕ್ರೈಬ್ ಆಗದೇ ನೋಡ್ತಿರೋರು ಬಟನ್ ಒತ್ತಿ. ಚಾನೆಲ್ ಹೆಸರಿನ ಕಾಫಿ ಮಗ್ಗೂ ಬಂದಿದೆ, ಮೇಲೆ "ಎಡವೋ ಕಡೆ ದುಡ್ಡು ಹಾಕಿ" ಅಂತ ಬರೆದಿದೆ. ಲಿಂಕ್ ಕೆಳಗಿದೆ. ನನಗೂ ಸ್ವಲ್ಪ ದುಡ್ಡು ಹಾಕಿ.

ಎರಡನೇ ಎಡವು, ಒಣಗಿಸೋದು. ಹುಳು ಚಂದ್ರಿಕೆ ಹತ್ತಿ ಆರೇಳು ದಿನಕ್ಕೆ ಗೂಡು ಬಿಡಿಸ್ತಾರೆ. ಎರಡು ವಾರದ ಆಸುಪಾಸಿಗೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಆಚೆ ಬರುತ್ತೆ, ಆಮೇಲೆ ಆ ಗೂಡಿಂದ ಉದ್ದದ ನೂಲು ಬರಲ್ಲ. ಅಂದ್ರೆ ರೈತನ ಕೈಲಿರೋದು ಹೆಚ್ಚಂದ್ರೆ ಒಂದು ವಾರ. ಇವತ್ತು ಬೆಲೆ ಬಿತ್ತು ಅಂತ ವಾಪಸ್ ಒಯ್ಯೋ ಹಾಗಿಲ್ಲ. ಗೂಡು ಒಣಗಿಸೋ ಡ್ರೈಯರ್ ಇದ್ರೆ? 110 ಡಿಗ್ರಿ ಸುತ್ತಮುತ್ತ ಶುರು ಮಾಡಿ, ನಿಧಾನಕ್ಕೆ 60ಕ್ಕೆ ಇಳಿಸ್ತಾ ಐದಾರು ಗಂಟೆ. ನೂರು ಕೆಜಿ ನಲವತ್ತು ಕೆಜಿ ಆಸುಪಾಸಿಗೆ ಇಳಿಯುತ್ತೆ, ತಿಂಗಳುಗಟ್ಟಲೆ ಇಡಬಹುದು. ಶಾಖ ಇಳಿಸದೇ ಹಾಗೇ ಬಿಟ್ರೆ ಅಂಟು ಗಟ್ಟಿಯಾಗಿ, ನೂಲು ತೆಗೆಯೋಕೆ ಗೂಡು ಬೇಯಿಸೋವಾಗ ಬಿಡಲ್ಲ. ಕಮ್ಮಿ ಒಣಗಿದ್ರೆ ಬೂಷ್ಟು ಹಿಡಿಯುತ್ತೆ. ಪ್ಯೂಪಾ ಬೆರಳಲ್ಲಿ ಉಜ್ಜಿದ್ರೆ ಪುಡಿ ಆಗಬೇಕು, ಅದು ಪರೀಕ್ಷೆ. ಸೌದೆ ಕಮ್ಮಿ ತಿನ್ನೋ, ಹತ್ತು ರೈತರು ಸೇರಿ ಬಳಸೋ ಡ್ರೈಯರ್ ಮಾಡೋದು ಸ್ಟಾರ್ಟಪ್ ಅಲ್ವಾ? ಆ್ಯಪ್ ಇಲ್ಲ ಅಂತ ಅಲ್ವಾ?

ಈಗ ಬರ್ತಾರೆ ಬುದ್ಧಿವಂತರು. "ಚೀನಾ ರೇಷ್ಮೆ ಮುಂದೆ ನಮ್ಮದು ನಿಲ್ಲಲ್ಲ." ಸ್ವಾಮಿ, ಸೀರೆ ನೇಯೋರನ್ನ ಕೇಳಿ. ಚೀನಾ ನೂಲು ಕೊಳ್ಳೋದು ಹಾಸು ನೂಲಿಗೆ, ಅಂದ್ರೆ ಬಟ್ಟೆಯ ಉದ್ದದ ಎಳೆಗೆ. ನಮ್ಮ ಚರಕದಲ್ಲಿ ತೆಗೆದ ನೂಲು ಹೊಕ್ಕಿಗೆ, ಅಂದ್ರೆ ಅಡ್ಡ ಎಳೆಗೆ. ಹಾಸಿನ ಎಳೆ ಮಗ್ಗದ ಎಳೆತ ತಡೀಬೇಕು, ಉದ್ದಕ್ಕೂ ಒಂದೇ ದಪ್ಪ ಇರಬೇಕು. ಬರೀ ಅಗ್ಗ ಅಂತಲ್ಲ, ಒಂದೇ ಸಮ ಅಂತ ತರಿಸ್ತಾರೆ. ಆಟೋಮ್ಯಾಟಿಕ್ ರೀಲಿಂಗ್ ಮಷೀನ್ ನಮ್ಮಲ್ಲೂ ಇದೆ. ಅದರಲ್ಲಿ ನೂಲು ಎರಡು ಸಣ್ಣ ಗಾಜಿನ ಬಿಲ್ಲೆ ಮಧ್ಯೆ ಹಾದು ಹೋಗುತ್ತೆ, ಎಳೆ ತೆಳುವಾದ್ರೆ ಉಜ್ಜಾಟ ಕಮ್ಮಿ ಆಗಿ ಮಷೀನಿಗೆ ಸಿಗ್ನಲ್ ಹೋಗುತ್ತೆ, ಹೊಸ ಗೂಡಿನ ಎಳೆ ಸೇರುತ್ತೆ. 20/22 ಡೀನಿಯರ್ ದಪ್ಪದ ನೂಲಿಗೆ ಏಳೆಂಟು ಗೂಡಿನ ಎಳೆ ಒಟ್ಟಿಗೆ ಬೇಕು. ಆದ್ರೆ ಅದಕ್ಕೆ ಹಾಕೋ ಗೂಡು ಒಂದೇ ಸಮ ಇಲ್ಲದಿದ್ರೆ ಆ ಮಷೀನು ಸುಮ್ನೆ ನಿಂತು ನಿಂತು ಓಡುತ್ತೆ. ಮತ್ತೆ ಅಲ್ಲಿಗೇ ಬಂದ್ವಿ: ಪರೀಕ್ಷೆ, ಒಣಗಿಸೋದು, ವಿಂಗಡಣೆ. ಎಡವೋ ಕಡೆ!

"ನೂಲು ತೆಗೆಯೋಕೆ ಬಿಸಿನೀರಲ್ಲಿ ಕೈ ಅದ್ದೋ ಕೆಲಸಕ್ಕೆ ಹುಡುಗರು ಬರಲ್ಲ." ಬರಬಾರದು! ಅದಕ್ಕೇ ಅಲ್ವೇನ್ರೀ ಹೇಳ್ತಿರೋದು, ಆ ಕೈ ಆಚೆ ತೆಗೆಯೋ ಕೆಲಸ ಮಾಡಿ ಅಂತ.

"ಇದೆಲ್ಲ ಹಳ್ಳಿ ಲೆಕ್ಕ." ಹೌದಾ? ಯುರೋಪಿನವರು 2014ರಿಂದ 2020ರ ಅವಧಿಯಲ್ಲಿ, ಸಂಶೋಧನೆ-ಆವಿಷ್ಕಾರದ ನಿಧಿ ಬೇಕು ಅಂದ್ರೆ ನಿಮ್ಮ ಪ್ರದೇಶದ ಬಲ ಏನು ಅಂತ ಮೊದಲು ಬರೆದುಕೊಡಿ ಅಂದ್ರು. ಸ್ಮಾರ್ಟ್ ಸ್ಪೆಷಲೈಸೇಷನ್ ಅಂತ ಸ್ಟೈಲಾಗಿ ಹೆಸರಿಟ್ರು. ಈಗ ಓಕೆನಾ ಬ್ರೋ? ಮೈಸೂರು ಸೀಮೆಯಲ್ಲಿ ಅದು ಹೊಸದಲ್ಲ. ಜಮ್‌ಶೆಟ್‌ಜಿ ಟಾಟಾ ಜಪಾನಿನಿಂದ ತಜ್ಞರನ್ನ ಕರೆಸಿ ಬೆಂಗಳೂರಲ್ಲಿ ರೇಷ್ಮೆ ಫಾರ್ಮ್ ಮಾಡಿದ್ರು. 1912ರಲ್ಲಿ ಮೈಸೂರಲ್ಲಿ ನೇಯ್ಗೆ ಕಾರ್ಖಾನೆ ಶುರುವಾಯ್ತು. ಹುಳು ತಿನ್ನೋ ವಿ-1 ಹಿಪ್ಪುನೇರಳೆ, ಸಿಎಸ್‌ಆರ್ ಅನ್ನೋ ಹುಳುವಿನ ತಳಿಗಳು, ಎಲ್ಲಾ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಿಂದಲೇ ಬಂದಿದ್ದು. ಇಷ್ಟೆಲ್ಲ ಮನೆಯಲ್ಲಿ ಇಟ್ಕೊಂಡು ಗಾಜಿನ ಬಿಲ್ಡಿಂಗು ಕೇಳ್ತೀರಲ್ಲ!

ಪ್ಯೂಪಾ ವಿಷಯ ಹೇಳೋಕೆ ಟೈಮಿಲ್ಲ. ಒಣಗಿಸಿದ್ರೆ ಅರ್ಧದಷ್ಟು ಪ್ರೋಟೀನು, ಕಾಲುಭಾಗ ಎಣ್ಣೆ, ಒಣಗಿಸದಿದ್ರೆ ಬೀದಿಗೆಲ್ಲ ನಾತ. ಅದಕ್ಕೆ ಬೇರೆ ಎಪಿಸೋಡು. ನೀರಿನ ಗಡಸುತನಕ್ಕೆ ಇನ್ನೊಂದು. ಎಐ ಪಾರ್ಕಿಗೆ ಒಂದೂ ಇಲ್ಲ. ಕೊಡಲ್ಲ, ಹೋಗಿ.

ಕಾರಣ ಕೇಳ್ಬೇಡಿ, ಹೇಳಿ ಹೇಳಿ ಗಂಟಲು ಒಣಗಿದೆ. ಎಡವೋ ಕಡೆ ದುಡ್ಡು ಹಾಕಿ, ಎಡವೋ ಕಡೆ ತಲೆ ಓಡಿಸಿ. ಒಪ್ಪಲ್ವಾ? ಕಾಮೆಂಟ್ ಮಾಡಿ, ಜೊತೆಗೆ ನಿಮ್ಮ ತಾಲ್ಲೂಕಿನ ಕಸುಬು ಯಾವುದು, ಅದು ಎಲ್ಲಿ ಎಡವುತ್ತೆ ಅಂತಲೂ ಬರೀರಿ. ಬರೀ "ಬ್ರೋ" ಅಂತ ಬರೆದವರನ್ನ ಬ್ಲಾಕ್ ಮಾಡ್ತೀನಿ. ಮುಂದಿನ ವಾರ ಬ್ಯಾಡಗಿ ಮೆಣಸಿನಕಾಯಿ, ಬಣ್ಣ ತೆಗೆಯೋ ಫ್ಯಾಕ್ಟರಿ. ಬೆಲ್ ಒತ್ತಿ.